ಅರಿಶಿನ ಕಾಲಿನ ಹಕ್ಕಿ

ಹೋದ ಡಿಸೆಂಬರ್‌ನಲ್ಲಿ ಮನೆಯವರ ಜೊತೆ ಮಲ್ಪೆಗೆ ಹೋಗಿದ್ದೆ. ಬಲೆ ಒಣಹಾಕಿದ್ದ ಕಡೆ, ನೀರು ಬಂದು ಮುಟ್ಟಿ ಹೋಗುವ ಜಾಗದಲ್ಲಿ, ದೊಡ್ಡದೊಂದು ಕಡಲಹಕ್ಕಿ ಒಂಟಿಯಾಗಿ ನಿಂತಿತ್ತು. ಬಿಳಿ ಮೈ, ಬೂದು ರೆಕ್ಕೆ, ಅಚ್ಚ ಹಳದಿ ಕಾಲು. ಮಗಳು ಫೋನ್ ಹಿಡಿದುಕೊಂಡು ಅದರ ಹತ್ತಿರ ಹತ್ತಿರ ಹೋಗತೊಡಗಿದಳು. "ಸಾಕು, ಅಲ್ಲೇ ನಿಲ್ಲು" ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಮೀನು ಆರಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಮಗಳು ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದಳು. "ಒಂದು ಫೋಟೋ ತಾನೇ, ಅಷ್ಟು ಸಿಟ್ಟು ಯಾಕೆ" ಎಂದು ಹೆಂಡತಿ ಕೇಳಿದಳು.

ಫೋಟೋ ತೆಗೆದೇ ಹೊಟ್ಟೆ ಹೊರೆದವನು ಹಕ್ಕಿಯ ಫೋಟೋ ಅಂದರೆ ಯಾಕೆ ಹೀಗಾಡುತ್ತಾನೆ ಅನ್ನುವುದನ್ನು ಅವರಿಬ್ಬರಿಗೂ ನಾನು ಹೇಳಿಲ್ಲ. ಬರೆದಿಟ್ಟರೆ ಅವರು ಓದಿಯಾದರೂ ತಿಳಿಯಲಿ ಎಂದು ಕೂತಿದ್ದೇನೆ.

ನಾನು ರಾಣೇಬೆನ್ನೂರು ಕಡೆಯವನು. ತೊಂಬತ್ತರ ದಶಕದ ನಡುವೆ ಬೆಂಗಳೂರಿಗೆ ಬಂದು ಜಯನಗರದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವುದು, ರೋಲ್ ತೊಳೆಯುವುದು, ಮುಹೂರ್ತದ ದಿನಗಳಲ್ಲಿ ಛತ್ರದಿಂದ ಛತ್ರಕ್ಕೆ ಓಡುವುದು. ಇರಲಿಕ್ಕೆ ಉತ್ತರಹಳ್ಳಿಯಲ್ಲಿ ಒಂದು ರೂಮು. ಆಗ ಬನಶಂಕರಿ ದಾಟಿದ ಮೇಲೆ ಬಸ್ಸಿನಲ್ಲಿ ಸೀಟು ಸಿಗುತ್ತಿತ್ತು. ಉತ್ತರಹಳ್ಳಿ ಬರುವ ಹೊತ್ತಿಗೆ ಕಿಟಕಿಯಿಂದ ಸೆಗಣಿಯ ವಾಸನೆ, ಹಸಿ ಸಿಮೆಂಟಿನ ವಾಸನೆ ಎರಡೂ ಒಟ್ಟಿಗೆ ಬರುತ್ತಿದ್ದವು.

ಮನೆಯ ಒಡತಿ ಪಿಳ್ಳಮ್ಮ. ಅರವತ್ತರ ಹತ್ತಿರದ ಹೆಂಗಸು, ಗಂಡ ಇಲ್ಲ, ಮಗ ರಸ್ತೆ ಬದಿಯಲ್ಲಿ ಜಲ್ಲಿ, ಇಟ್ಟಿಗೆಯ ವ್ಯಾಪಾರ ಇಟ್ಟುಕೊಂಡಿದ್ದ. ಇದ್ದ ಹೊಲದಲ್ಲಿ ಬಹುಪಾಲು ಲೇಔಟಾಗಿ ಹೋಗಿ, ಸಾಲಾಗಿ ಒಂದೇ ಥರದ ನಾಲ್ಕು ಬಾಡಿಗೆ ರೂಮುಗಳೆದ್ದಿದ್ದವು. ಅದರಲ್ಲೊಂದು ನನ್ನದು. ರೂಮುಗಳ ಹಿಂದೆ ಎರಡೆಕರೆ ಮಾತ್ರ ಬೀಳು ಉಳಿದಿತ್ತು. ಮಗ ಎಷ್ಟು ಹೇಳಿದರೂ ಪಿಳ್ಳಮ್ಮ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಮುನಿಯಪ್ಪ ಅನ್ನುವವನು ಕುರಿ ಮೇಯಿಸುತ್ತಿದ್ದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಸುತ್ತಲಿನ ಹೊಲಗಳೆಲ್ಲ ಸೈಟುಗಳಾದ ಮೇಲೆ ಅವನ ಕುರಿಗಳಿಗೆ ಆ ಎರಡೆಕರೆಯೇ ಗತಿಯಾಗಿತ್ತು. ಪಿಳ್ಳಮ್ಮನವರೂ ಇಪ್ಪತ್ತು ವರ್ಷದಿಂದ ಒಂದು ದಿನವೂ ಬೇಡ ಅಂದಿರಲಿಲ್ಲ.

ಆ ದಿನಗಳಲ್ಲಿ ನನಗೆ ಹಕ್ಕಿಗಳ ಹುಚ್ಚು ಹತ್ತಿತ್ತು. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಐದಾರು ಜನ ಸೇರಿ ಹಕ್ಕಿ ನೋಡುತ್ತಿದ್ದರು. ನಡೆಸುತ್ತಿದ್ದವರು ರಾಮಯ್ಯ ಮೇಷ್ಟ್ರು, ಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರ್ ಆದವರು. ಗುಂಪಿಗೆಲ್ಲ ಸೇರಿ ಅವರದ್ದೊಂದೇ ಬೈನಾಕ್ಯುಲರ್. ಅದು ಕೈಯಿಂದ ಕೈಗೆ ದಾಟುತ್ತಿತ್ತು. ಗೊರವಂಕದ ಕಾಲು ಹಳದಿ, ಬಿಜ್ಜು ಅನ್ನುವ ಸಣ್ಣ ಗಿಡುಗನ ಕಾಲು ಹಳದಿ, ಬೆಳ್ಳಕ್ಕಿಗಳಲ್ಲೊಂದು ಜಾತಿಗೆ ಕಾಲು ಕಪ್ಪಾದರೂ ಪಾದ ಮಾತ್ರ ಹಳದಿ ಎಂದೆಲ್ಲ ಕಲಿಸಿದವರು ಅವರೇ. "ಮೊದಲು ಕಾಲು ನೋಡ್ರಪ್ಪ, ರೆಕ್ಕೆ ಎಲ್ಲರೂ ನೋಡ್ತಾರೆ" ಅನ್ನುತ್ತಿದ್ದರು. ಇನ್ನೊಂದು ಮಾತು ಪದೇ ಪದೇ ಹೇಳುತ್ತಿದ್ದರು. "ಗೂಡಿನ ಹತ್ರ ಕ್ಯಾಮೆರಾ ಬೇಡ. ಕಾವು ಕೂತಿರೋ ಹಕ್ಕಿ ಹತ್ರ ಮನುಷ್ಯನಿಗೆ ಯಾವ ಕೆಲಸವೂ ಇಲ್ಲ."

ಗುಂಪಿನಲ್ಲಿ ಉಳಿದವರು ಉಳ್ಳವರ ಮನೆಯವರು. ದೊಡ್ಡ ಲೆನ್ಸುಗಳಿದ್ದವು, ತೆಗೆದ ಚಿತ್ರಗಳನ್ನು ತಂದು ತೋರಿಸುತ್ತಿದ್ದರು. ಅವನ್ನು ತೊಳೆದು ಪ್ರಿಂಟ್ ಹಾಕಿಕೊಡುತ್ತಿದ್ದವನು ನಾನು. ನನ್ನನ್ನು ಹೊಸಬರಿಗೆ ಪರಿಚಯಿಸುವಾಗ "ಇವನು ಸ್ಟುಡಿಯೋದವನು" ಅನ್ನುತ್ತಿದ್ದರು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೂ ಪ್ರತಿ ಸಲ ಚುಚ್ಚುತ್ತಿತ್ತು. ನನ್ನದೊಂದು ಚಿತ್ರ ಅವರೆಲ್ಲ ಬಾಯಿ ಮುಚ್ಚಿಕೊಂಡು ನೋಡುವಂತಿರಬೇಕು ಅನ್ನುವ ಆಸೆ ಮನಸ್ಸಿನಲ್ಲಿ ಬೇರು ಬಿಟ್ಟಿತ್ತು.

ತೊಂಬತ್ತೇಳರ ಏಪ್ರಿಲ್ ಇರಬೇಕು. ಒಂದು ಬೆಳಿಗ್ಗೆ ನಲ್ಲಿ ಹತ್ತಿರ ನೀರು ಹಿಡಿಯುತ್ತಿದ್ದಾಗ ಪಿಳ್ಳಮ್ಮ, "ಬಾ ಮಗ ಇಲ್ಲಿ, ನಿಂಗೊಂದು ತೋರಿಸ್ತೀನಿ" ಎಂದು ಬೀಳಿನೊಳಗೆ ಕರೆದುಕೊಂಡು ಹೋದರು. ನಡುವೆ ಒಂದು ಕೋಲು ನೆಟ್ಟು ತುದಿಗೆ ಕೆಂಪು ರವಿಕೆಯ ಚೂರು ಕಟ್ಟಿದ್ದರು. ಕೋಲಿನಿಂದ ಹತ್ತು ಹೆಜ್ಜೆ ಆಚೆ ಬೆರಳು ತೋರಿಸಿದರು. ನನಗೆ ಕಲ್ಲು ಬಿಟ್ಟು ಬೇರೇನೂ ಕಾಣಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಆ ಕಲ್ಲುಗಳಲ್ಲಿ ನಾಲ್ಕು ಮೊಟ್ಟೆಗಳಾದವು. ಮಣ್ಣಿನದ್ದೇ ಬಣ್ಣ, ಮೇಲೆ ಮಸಿ ಚಿಮುಕಿಸಿದ ಹಾಗೆ ಚುಕ್ಕೆ. ಪಕ್ಕದಲ್ಲೊಂದು ತುಂಬೆ ಗಿಡ, ಅದರ ಅಂಗೈಯಗಲದ ನೆರಳು.

ಅಷ್ಟು ದೂರದಲ್ಲಿ ಹಕ್ಕಿ ನಿಂತಿತ್ತು. ಪುಸ್ತಕದಲ್ಲಿ ಅದಕ್ಕೆ ಹಳದಿ ಟಿಟ್ಟಿಭ ಎಂದು ಹೆಸರು. ಕಪ್ಪು ಟೋಪಿ, ಕಣ್ಣಿನ ಮುಂದೆ ಜೋತ ಹಳದಿ ಚರ್ಮ, ಮಣ್ಣುಬಣ್ಣದ ಬೆನ್ನು. ಕಾಲುಗಳು ಮಾತ್ರ ಉದ್ದಕ್ಕೆ, ತೆಳ್ಳಗೆ, ಬಿಸಿಲಿಗೆ ಹೊಳೆಯುವ ಹಳದಿ.

"ನೋಡ್ದಾ, ಮದವಣಗಿತ್ತಿ ಹಂಗೆ ಅರಿಶಿನ ಹಚ್ಕೊಂಡವ್ಳೆ" ಅಂದರು ಪಿಳ್ಳಮ್ಮ. "ನಾವು ಇದುನ್ನ ನೆಲದಕ್ಕಿ ಅಂತೀವಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ನೋಡ್ತಿದೀನಿ, ಪ್ರತಿ ಬ್ಯಾಸ್ಗೇಲೂ ಇಲ್ಲೇ ಮೊಟ್ಟೆ ಇಕ್ತಾವೆ. ಎಲ್ಲಾ ಕಡೆ ಮನೆ ಎದ್ದವಲ್ಲ, ಇನ್ನೆಲ್ಲಿ ಹೋದಾವು. ಅವೂ ನನ್ ಬಾಡಿಗೆದಾರ್ರೇ." ಅಲ್ಲೇ ಕೂತಿದ್ದ ಮುನಿಯಪ್ಪನಿಗೆ, "ಕೋಲಿನಾಚೆಗೆ ಕುರಿ ಬುಡಬ್ಯಾಡ ಕಣೋ" ಅಂದರು. ಅವನು, "ಬುಡಲ್ಲಕ್ಕ" ಅಂದ.

ಮೂರು ವಾರ ನಾನು ಅದನ್ನು ದೂರದಿಂದಲೇ ನೋಡಿದೆ. ಬೋರ್‌ವೆಲ್ ಪೈಪು ಸೋರಿ ನಿಂತ ನೀರಿನಲ್ಲಿ ಹಕ್ಕಿ ಎದೆ ಅದ್ದಿಕೊಂಡು ಓಡಿಬಂದು ಮೊಟ್ಟೆಯ ಮೇಲೆ ಕೂರುತ್ತಿತ್ತು. ಮೇಷ್ಟ್ರಿಗೆ ಹೇಳಿದಾಗ ಅವರ ಮುಖ ಅರಳಿತು. "ಬಿಸಿಲಲ್ಲಿ ಕಾವು ಕೊಡೋದಲ್ಲಪ್ಪ, ತಂಪು ಕೊಡೋದು. ಮಧ್ಯಾಹ್ನ ಅದು ಅರ್ಧ ಗಂಟೆ ದೂರ ಇದ್ರೆ ಮೊಟ್ಟೆ ಬೆಂದುಹೋಗುತ್ತೆ. ಯಾರೂ ಹತ್ರ ಹೋಗದ ಹಾಗೆ ನೋಡ್ಕೋ" ಅಂದರು. ಅಂದರೆ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಆ ಹೊತ್ತಿಗೆ ಬೆಂಗಳೂರಿನ ಒಂದು ಕ್ಲಬ್ಬಿನ ಫೋಟೋ ಸ್ಪರ್ಧೆಗೆ ಚಿತ್ರ ಕಳಿಸುವ ಕೊನೆಯ ವಾರ. ಸ್ಟುಡಿಯೋಕ್ಕೆ ಮಂಗಳವಾರ ರಜ. ಗಿರಾಕಿಯೊಬ್ಬರು ರಿಪೇರಿಗೆಂದು ಕೊಟ್ಟಿದ್ದ ಉದ್ದ ಲೆನ್ಸನ್ನು ಯಾರಿಗೂ ಹೇಳದೆ ಮನೆಗೆ ತಂದೆ. ಪಿಳ್ಳಮ್ಮ ಆವತ್ತು ತಲಘಟ್ಟಪುರದ ತಂಗಿಯ ಮನೆಗೆ ಹೋಗಿದ್ದರು. ಹತ್ತು ಗಂಟೆಗೆ ಬೀಳಿಗೆ ಹೋದೆ. ಹಕ್ಕಿ ನೀರಿನ ಕಡೆ ಹೋದದ್ದನ್ನು ನೋಡಿಕೊಂಡು ಗೂಡಿನ ಹತ್ತಿರ ಕೂತೆ. ತುಂಬೆ ಗಿಡ ಚೌಕಟ್ಟಿಗೆ ಅಡ್ಡ ಬರುತ್ತಿತ್ತು, ಕಿತ್ತು ಎಸೆದೆ. ಮೊಟ್ಟೆಗಳ ಚುಕ್ಕೆ ಚೆನ್ನಾಗಿ ಕಾಣಲೆಂದು ಒಂದೊಂದನ್ನೂ ತಿರುಗಿಸಿಟ್ಟೆ. ಬೆರಳಿಗೆ ಬೆಚ್ಚಗೆ ತಾಗಿದ್ದು ಇವತ್ತಿಗೂ ನೆನಪಿದೆ. ಎಂಟು ಹೆಜ್ಜೆ ದೂರದಲ್ಲಿ ಕರಿ ಕೊಡೆ ಬಿಚ್ಚಿ, ಅದರ ಮೇಲೆ ಬೆಡ್‌ಶೀಟ್ ಹೊದಿಸಿ, ಒಳಗೆ ಕೂತೆ.

ಹಕ್ಕಿ ವಾಪಸು ಬಂತು. ಕೊಡೆ ಕಂಡು ಹಾರಿತು. ಗಂಡು ಹೆಣ್ಣು ಎರಡೂ ನೆತ್ತಿಯ ಮೇಲೆ ಸುತ್ತುತ್ತಾ ಕೂಗತೊಡಗಿದವು. ಒಂದು ಸ್ವಲ್ಪ ದೂರ ಇಳಿದು ರೆಕ್ಕೆ ಮುರಿದಿರುವ ಹಾಗೆ ನೆಲದ ಮೇಲೆ ಎಳೆದುಕೊಂಡು ಹೋಯಿತು, ನಾನು ಎದ್ದು ಅದರ ಹಿಂದೆ ಹೋಗಲಿ ಎಂದು. ನಾನು ಏಳಲಿಲ್ಲ. ಈಗ ಬರುತ್ತೆ, ಇನ್ನೈದು ನಿಮಿಷಕ್ಕೆ ಬರುತ್ತೆ ಎಂದು ಕೂತಿದ್ದೆ. ಬೆಡ್‌ಶೀಟಿನ ಒಳಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಹನ್ನೊಂದಾಯಿತು.

ಮುನಿಯಪ್ಪ ಬಂದ. ಕೋಲಿನ ಈಚೆಗೇ ನಿಂತು, "ಸ್ವಾಮಿ" ಅಂದ. ಹೊರಗೆ ಮುಖ ಹಾಕಿದೆ.

"ಹಕ್ಕಿ ಒದ್ದಾಡ್ತಾವೆ. ಎದ್ಬುಡಿ."

"ಹತ್ತ ನಿಮಿಷ ಯಜಮಾನ್ರ. ಆತು, ಎದ್ದೆ" ಅಂದೆ.

ಅವನು ಹೋದ. ನಾನು ಕೂತೇ ಇದ್ದೆ. ಮುಕ್ಕಾಲು ಗಂಟೆಯಾದ ಮೇಲೆ ಮತ್ತೆ ಬಂದ. "ಬಿಸಿಲು ಜಾಸ್ತಿ ಆಯ್ತು ಸ್ವಾಮಿ. ಮೊಟ್ಟೆ ಕೆಟ್ಟೋಗ್ತವೆ. ಸಂಜೆ ಕಡೆ ಬಂದು ತಗೊಳ್ಳಿ."

ನನಗೆ ರೇಗಿತು. "ನಾ ಓದೇನ್ರಿ ಇದರ ಬಗ್ಗೆ. ನಿಮಗ ಗೊತ್ತಾಗೂದಿಲ್ಲ. ನೀವು ನಿಂತಿದ್ದಕ್ಕ ಅದು ಬರವಲ್ದು" ಅಂದೆ.

ಅವನು ಕುರಿಗಳ ಕಡೆ ಹೋದ.

ಒಂದು ಗಂಟೆಯ ಸುಮಾರಿಗೆ ಹಕ್ಕಿ ಬಂತು. ಹೆದರಿಕೆ ಮೀರಿತ್ತೋ, ಬಿಸಿಲು ಮೀರಿತ್ತೋ, ಓಡಿ ಬಂದು ಮೊಟ್ಟೆಗಳ ಮೇಲೆ ನಿಂತುಕೊಂಡಿತು. ಕೂರಲಿಲ್ಲ. ಹಳದಿ ಕಾಲುಗಳನ್ನು ಎರಡೂ ಬದಿಗೆ ಅಗಲಿಸಿ ನಿಂತು, ರೆಕ್ಕೆ ಇಳಿಬಿಟ್ಟು ನೆರಳು ಮಾಡಿತು. ಕೊಕ್ಕು ತೆರೆದೇ ಇತ್ತು, ಗಂಟಲು ಬಡಿದುಕೊಳ್ಳುತ್ತಿತ್ತು. ಎದೆಯ ಗರಿಗಳಿಂದ ಒಂದು ಹನಿ ನೀರು ಮೊಟ್ಟೆಯ ಮೇಲೆ ಬಿತ್ತು. ನಾನು ರೋಲು ಮುಗಿಯುವವರೆಗೆ ಒತ್ತಿದೆ. ಮದುವೆ ಮನೆಗಳಲ್ಲಿ ಅರಿಶಿನದ ಕಾಲುಗಳನ್ನು ಎಷ್ಟೋ ತೆಗೆದಿದ್ದೇನೆ. ಅಂಥ ಕಾಲುಗಳನ್ನು ತೆಗೆದಿರಲಿಲ್ಲ. ಎದ್ದು ರೂಮಿಗೆ ನಡೆಯುವಾಗ ನನಗೆ ಸಂತೋಷವೇ ಆಗಿತ್ತು, ಅದನ್ನೂ ಬರೆಯಬೇಕು.

ಆಮೇಲಿನ ದಿನಗಳಲ್ಲಿ ಹಕ್ಕಿ ಕೂತೇ ಇತ್ತು. ಪಿಳ್ಳಮ್ಮ ದಿನ ಎಣಿಸುತ್ತಿದ್ದರು. "ಇಷ್ಟೊತ್ಗೆ ಮರಿ ಓಡಾಡ್ಬೇಕಿತ್ತಲ್ಲ ಮಗ?" ಎಂದು ನನ್ನನ್ನು ಕೇಳುತ್ತಿದ್ದರು. "ಒಂದೊಂದ್ಸಲ ತಡ ಆಗತೈತ್ರಿ ಅಮ್ಮಾರ" ಅನ್ನುತ್ತಿದ್ದೆ. ಮರಿಯಾಗಲು ಬೇಕಾದ ನಾಲ್ಕು ವಾರ ಕಳೆಯಿತು, ಇನ್ನೂ ಒಂದು ವಾರ ಕಳೆಯಿತು. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಆ ಕಡೆ ನೋಡದೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಅದು ಮಾತ್ರ ನೀರಿಗೆ ಹೋಗಿ ಎದೆ ನೆನೆಸಿಕೊಂಡು ಓಡಿ ಬರುವುದನ್ನು ಬಿಡಲಿಲ್ಲ. ಒಂದು ದಿನ ಗುಡುಗು ಸಹಿತ ಮೊದಲ ಮಳೆ ಬಿತ್ತು. ಮಾರನೆಯ ಬೆಳಿಗ್ಗೆ ಹಕ್ಕಿಗಳಿರಲಿಲ್ಲ.

ಪಿಳ್ಳಮ್ಮ ನನ್ನನ್ನು ಕರೆದುಕೊಂಡು ಹೋದರು. ಎರಡು ಮೊಟ್ಟೆ ಒಡೆದಿದ್ದವು, ಕೊಳೆತ ವಾಸನೆ. ಕಾಗೆಯೋ ಮುಂಗುಸಿಯೋ ಬಂದಿರಬೇಕು. ಕೋಲಿನ ಈಚೆಗೆ ಹಸಿ ಮಣ್ಣಿನಲ್ಲಿ ಕುರಿಗಳ ಗೊರಸಿನ ಗುರುತುಗಳಿದ್ದವು. ಒಂದೂ ಆಚೆಗೆ ದಾಟಿರಲಿಲ್ಲ. ಅದನ್ನು ನಾನು ನೋಡಿದೆ. ಪಿಳ್ಳಮ್ಮನವರಿಗೆ ಕಣ್ಣು ಅಷ್ಟು ಚುರುಕಾಗಿರಲಿಲ್ಲ.

"ಎಂದೂ ಹಿಂಗಾಗಿರ್ಲಿಲ್ಲ" ಅಂದರು. "ಮುನಿಯಪ್ಪನ ಕುರಿ ಏನಾದ್ರೂ ತುಳುದ್ವಾ? ನೀನು ತಿಳಿದೋನು, ಹೇಳು" ಎಂದು ಕೇಳಿದರು.

"ಇರಬಹುದ್ರಿ" ಅಂದೆ.

ಅಷ್ಟೇ. ಒಂದೇ ಮಾತು. ಹೌದು ಅಂತ ಹೇಳಲಿಲ್ಲವಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮುನಿಯಪ್ಪ ಕುರಿ ಹೊಡೆದುಕೊಂಡು ಬಂದಾಗ ನಾನು ರೂಮಿನೊಳಗಿದ್ದೆ. ಕಿಟಕಿ ತೆರೆದಿತ್ತು. "ಇಪ್ಪತ್ತು ವರ್ಷದಲ್ಲಿ ನಾನು ನಿನ್ನ ಕೇಳಿದ್ದು ಒಂದೇ ಕಣೋ. ಒಂದು ಕೋಲು ನೆಟ್ಟು ತೋರಿಸ್ದೆ, ಅಷ್ಟೂ ಕಾಯಕ್ಕಾಗ್ಲಿಲ್ವಾ ನಿನ್ ಕೈಲಿ" ಅಂದರು ಪಿಳ್ಳಮ್ಮ. ಕೂಗಾಡಲಿಲ್ಲ. ಮುನಿಯಪ್ಪ ತಲೆ ಎತ್ತಿ ನನ್ನ ಕಿಟಕಿಯ ಕಡೆ ನೋಡಿದ. ನಾನು ಗೋಡೆಗೆ ಸರಿದೆ. ಹೇಳುತ್ತಾನೆ, ಈಗ ಹೇಳುತ್ತಾನೆ ಎಂದುಕೊಂಡೆ. ಅವನು, "ತಪ್ಪಾಯ್ತು ಪಿಳ್ಳಕ್ಕ" ಅಂದ.

"ನಾಳೆಯಿಂದ ಇತ್ಲಾಗೆ ಹೊಡ್ಕೊಂಡು ಬರಬ್ಯಾಡ."

"ಆಗ್ಲಿ."

ಕುರಿಗಳ ಗೊರಸಿನ ಸದ್ದು ರಸ್ತೆಯ ಕಡೆ ಹೋದದ್ದು ಕೇಳಿಸಿತು. ಆಮೇಲೆ ಅವನು ತಲಘಟ್ಟಪುರದ ಕಡೆ, ಕನಕಪುರ ರಸ್ತೆಯ ಅಂಚಿನಲ್ಲಿ ಮೇಯಿಸುತ್ತಾನೆ ಎಂದು ಕೇಳಿದೆ. ಲಾರಿಗಳು ಓಡಾಡುವ ರಸ್ತೆ. ದಸರೆಗೆ ಮುಂಚೆ ಎಲ್ಲವನ್ನೂ ಮಾರಿಬಿಟ್ಟ ಎಂದೂ ಕೇಳಿದೆ. ಯಾರೋ ಬಸ್‌ಸ್ಟಾಪಿನಲ್ಲಿ ಹೇಳಿದ ಮಾತು, ನಾನು ಕಿವಿಗೆ ಬೀಳದವನ ಹಾಗೆ ಬಸ್ಸು ಹತ್ತಿದೆ.

ಸ್ಪರ್ಧೆಯಲ್ಲಿ ನನ್ನ ಚಿತ್ರಕ್ಕೆ ಮೊದಲ ಬಹುಮಾನ ಬಂತು. ದೊಡ್ಡ ಹಾಲಿನಲ್ಲಿ ಪ್ರದರ್ಶನಕ್ಕಿಟ್ಟರು. ಲಾಲ್‌ಬಾಗ್ ಗುಂಪಿನವರೆಲ್ಲ ಬಂದರು, ಕೈ ಕುಲುಕಿದರು. ನಾನಂದುಕೊಂಡ ಹಾಗೆಯೇ ಬಾಯಿ ಮುಚ್ಚಿಕೊಂಡು ನೋಡಿದರು. ರಾಮಯ್ಯ ಮೇಷ್ಟ್ರು ಕೊನೆಗೆ ಬಂದು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನಿಂತರು.

"ಎಷ್ಟು ಹೊತ್ತು ಕೂತಿದ್ದಿ?"

"ಹದಿನೈದಿಪ್ಪತ್ತು ನಿಮಿಷ ಸಾರ್. ಬೆಳಿಗ್ಗೆ."

"ನೆರಳು ಕಾಲ ಕೆಳಗೇ ಇದೆಯಲ್ಲಪ್ಪ" ಅಂದರು. ಅಷ್ಟು ಹೇಳಿ ಮುಂದಿನ ಚಿತ್ರಕ್ಕೆ ಹೋದರು. ಮುಂದಿನ ಭಾನುವಾರ ಲಾಲ್‌ಬಾಗ್‌ನಲ್ಲಿ ಬೈನಾಕ್ಯುಲರ್ ಎಂದಿನಂತೆ ಕೈಯಿಂದ ಕೈಗೆ ದಾಟಿತು. ನನ್ನ ಪಕ್ಕದವರಿಂದ ಮೇಷ್ಟ್ರು ಅದನ್ನು ವಾಪಸು ಇಸಿದುಕೊಂಡು, ನನ್ನನ್ನು ಬಿಟ್ಟು ಆಚೆಯವರಿಗೆ ಕೊಟ್ಟರು. ಅದಾದ ಮೇಲೆ ನಾನು ಹೋಗಲಿಲ್ಲ.

ಪಿಳ್ಳಮ್ಮನವರಿಗೆ ಬಹುಮಾನದ ಸುದ್ದಿ ಯಾರಿಂದಲೋ ತಿಳಿಯಿತು. ತಮಗೂ ಒಂದು ಫೋಟೋ ಬೇಕೆಂದರು. ಇಲ್ಲ ಅನ್ನುವುದು ಹೇಗೆ. ಕಟ್ಟು ಹಾಕಿಸಿ ಕೊಟ್ಟೆ. ಅದನ್ನು ಅವರು ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ತೋರಿಸಿ, "ನಮ್ ಹೊಲದ್ದು. ನಮ್ಮ ರೂಮಿನ ಹುಡ್ಗ ತೆಗ್ದಿದ್ದು. ಪಾಪ, ಆ ವರ್ಷ ಮರಿ ಆಗ್ಲಿಲ್ಲ, ಆದ್ರೂ ತಾಯಿ ನೋಡಿ ಹೆಂಗೆ ನೆಳ್ಳು ಕೊಟ್ಟವ್ಳೆ" ಅನ್ನುತ್ತಿದ್ದರು. ನನ್ನನ್ನು ಕಂಡಾಗ ಒಳಗೆ ಕರೆದು ಕಾಫಿ ಕೊಡುತ್ತಿದ್ದರು. ಆ ಪಟದ ಕೆಳಗೆ ಕೂತು ನಾನು ಕಾಫಿ ಕುಡಿಯುತ್ತಿದ್ದೆ. ಮರುವರ್ಷದ ಬೇಸಿಗೆಯಲ್ಲಿ ಹಕ್ಕಿಗಳು ಬರಲಿಲ್ಲ. ಜೂನ್ ಹೊತ್ತಿಗೆ, ಸ್ಟುಡಿಯೋಕ್ಕೆ ಹತ್ತಿರವಾಗುತ್ತದೆ ಎಂದು ನೆವ ಹೇಳಿ ವಿಲ್ಸನ್ ಗಾರ್ಡನ್‌ಗೆ ಮನೆ ಬದಲಾಯಿಸಿದೆ.

ಎಂಟು ವರ್ಷ ಕಳೆಯಿತು. ನನಗೆ ಮದುವೆಯಾಯಿತು, ಸ್ವಂತ ಸ್ಟುಡಿಯೋ ಆಯಿತು. ಒಂದು ದಿನ ಪಿಳ್ಳಮ್ಮನವರ ಮಗ ಹುಡುಕಿಕೊಂಡು ಬಂದ. "ಮಗಳ ಮದುವೆ ಸಾರ್. ಫೋಟೋ ನಿಮ್ಮ ಕೈಲೇ ತೆಗೆಸ್ಬೇಕು ಅಂತ ಅಮ್ಮ ಹಟ ಹಿಡಿದವ್ರೆ." ಹೋದೆ. ಬನಶಂಕರಿಯ ಒಂದು ಛತ್ರ. ಮುಹೂರ್ತ ಮುಗಿದು ಊಟದ ಪಂಕ್ತಿಯ ಫೋಟೋ ತೆಗೆಯುತ್ತಾ ಸಾಲಿನುದ್ದಕ್ಕೂ ಬರುತ್ತಿದ್ದಾಗ, ಚೌಕಟ್ಟಿನೊಳಗೆ ಮುನಿಯಪ್ಪನ ಮುಖ ಬಂತು. ಕೂದಲು ಪೂರಾ ಬೆಳ್ಳಗಾಗಿತ್ತು, ಜೆ.ಪಿ. ನಗರದ ಯಾವುದೋ ಅಪಾರ್ಟ್‌ಮೆಂಟಿನ ವಾಚ್‌ಮನ್ ಯೂನಿಫಾರ್ಮಿನಲ್ಲೇ ಬಂದಿದ್ದ. ನನ್ನನ್ನು ನೋಡಿ ನಕ್ಕ. ನಾನು ಕ್ಯಾಮೆರಾ ಕೆಳಗಿಳಿಸಿದೆ.

ಊಟ ಮುಗಿಸಿ ಅವನು ಛತ್ರದ ಹಿಂದೆ ಕೈ ತೊಳೆಯಲು ಹೋದಾಗ ಹಿಂದೆಯೇ ಹೋದೆ. "ಯಜಮಾನ್ರೇ, ಆ ಹಕ್ಕಿ ಮೊಟ್ಟೆ ಕೆಟ್ಟಿದ್ದು ನನ್ನಿಂದ. ಪಿಳ್ಳಮ್ಮಾರು ನಿಮ್ಮ ಕುರಿ ತುಳಿದವಾ ಅಂತ ಕೇಳಿದಾಗ ಇರಬಹುದು ಅಂದೆ" ಎಂದು ಒಂದೇ ಉಸಿರಿಗೆ ಹೇಳಿದೆ.

ಅವನು ಕೈಯನ್ನು ಟವೆಲಿಗೆ ನಿಧಾನವಾಗಿ ಒರೆಸಿಕೊಂಡ. "ಮೊಟ್ಟೆ ಯಾರಿಂದ ಕೆಡ್ತು ಅಂತ ನಂಗೊತ್ತಲ್ಲ ಸ್ವಾಮಿ. ಎರಡು ಸಲ ಬಂದು ಹೇಳ್ದೆ."

"ಮತ್ತೆ ಯಾಕೆ ಪಿಳ್ಳಮ್ಮಾರಿಗೆ ಹೇಳ್ಳಿಲ್ಲ?"

"ಏನಂತ ಹೇಳ್ಲಿ. ಮೂರನೇ ಸಲ ಬಂದು ಕೈ ಹಿಡ್ದು ಎಬ್ಬಿಸ್ಬೇಕಿತ್ತು ನಾನು. ಪ್ಯಾಂಟು ಹಾಕಿರೋರು, ಓದಿರೋರು ಅಂತ ಹಿಂಜರಿದೆ. ಬೀಳು ಕಾಯೋನು ನಾನು, ನೋಡ್ಕೊಂಡು ಸುಮ್ನಿದ್ದೆ. ಪಿಳ್ಳಕ್ಕ ಬೈದಾಗ ಸರಿಯಾಗೇ ಬೈತಾವ್ಳೆ ಅನ್ನಿಸ್ತು."

ಇಷ್ಟೂ ವರ್ಷ ಅವನು ಬಾಯಿ ಬಿಡದೆ ನನ್ನನ್ನು ಕಾಪಾಡಿದ ಎಂದುಕೊಂಡಿದ್ದೆ. ಅವನು ನನ್ನನ್ನು ಕಾಪಾಡಿರಲಿಲ್ಲ. ನನ್ನನ್ನು ತಡೆಯದ್ದು ತನ್ನ ತಪ್ಪೆಂದೇ ನಂಬಿ ಹೊತ್ತುಕೊಂಡು ಹೋಗಿದ್ದ. ನಾಚಿಕೆ ಅಂದರೆ ಏನೆಂದು ನನಗೆ ಆವರೆಗೆ ಸರಿಯಾಗಿ ತಿಳಿದೇ ಇರಲಿಲ್ಲ.

ಮೂರನೆಯ ದಿನ ಆಲ್ಬಮ್ಮಿಗೆ ಚಿತ್ರ ಆರಿಸುವ ನೆಪದಲ್ಲಿ ಉತ್ತರಹಳ್ಳಿಗೆ ಹೋಗಿ ಪಿಳ್ಳಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಕಾದೆ. "ಅವನ ಮಾತು ಒಂದು ಕೇಳ್ಳಿಲ್ಲ ನಾನು. ನಿನ್ನ ಮಾತು ಕೇಳ್ದೆ" ಎಂದಷ್ಟೇ ಅಂದು, ಎದ್ದು ಚಪ್ಪಲಿ ಮೆಟ್ಟಿದರು. "ನಡಿ."

"ಎಲ್ಲಿಗೆ ಅಮ್ಮಾರ?"

"ಅವನ ಮನೆಗೆ. ನನ್ ಮುಂದೆ ಇನ್ನೊಂದ್ಸಲ ಹೇಳು."

ಎರಡು ಕ್ರಾಸ್ ಆಚೆ ಮುನಿಯಪ್ಪನ ಮನೆ. ಪಿಳ್ಳಮ್ಮ ಮಂಡಿನೋವಿನ ಕಾಲು ಎಳೆದುಕೊಂಡು ಮುಂದೆ, ನಾನು ಹಿಂದೆ. ಅವನು ಮನೆಯಲ್ಲೇ ಇದ್ದ. ಬಾಗಿಲಲ್ಲಿ ನಿಂತು ಪಿಳ್ಳಮ್ಮನವರೇ ಮೊದಲು ಹೇಳಿದರು, "ಮುನಿಯಪ್ಪ, ತಪ್ಪಾಯ್ತು ಕಣೋ. ಒಂದು ಮಾತು ಕೇಳ್ದೆ ನಿನ್ನ ಬೀಳಿನಿಂದ ಹೊರಗ್ಹಾಕ್ದೆ." ಅವನು ಗಾಬರಿಯಾದ. "ಬುಡಕ್ಕ, ಅದ್ಯಾವ ಕಾಲದ್ದು" ಎನ್ನುತ್ತಾ ಒಳಗೆ ಹೋಗಿ ಎರಡು ಪ್ಲಾಸ್ಟಿಕ್ ಕುರ್ಚಿ ತಂದ. ಒಂದು ಅವರಿಗೆ, ಒಂದು ನನಗೆ. ತಾನು ಹೊಸಿಲ ಹತ್ತಿರ ನೆಲದ ಮೇಲೆ ಕೂತ.

ನಾನು ನಿಂತೇ ಹೇಳಿದೆ. ತುಂಬೆ ಗಿಡ ಕಿತ್ತದ್ದು, ಮೊಟ್ಟೆ ತಿರುಗಿಸಿದ್ದು, ಅವನ ಮೇಲೆ ರೇಗಿದ್ದು, ಕಿಟಕಿಯಿಂದ ಸರಿದು ನಿಂತದ್ದು, ಇರಬಹುದು ಅಂದದ್ದು. ನನ್ನ ಮಾತು ಮುಗಿದ ಮೇಲೆ ಪಿಳ್ಳಮ್ಮ ಮುನಿಯಪ್ಪನ ಕಡೆ ತಿರುಗಿದರು.

"ಎಷ್ಟಿದ್ವೋ ನಿನ್ ಕುರಿ?"

"ಇಪ್ಪತ್ಮೂರು ಅಕ್ಕ."

"ಯಾವ್ಯಾವು ಇದ್ವು?"

ಅವನು ಬೆರಳು ಮಡಚುತ್ತಾ ಹೇಳತೊಡಗಿದ. ಕೆಂಚಿ, ಕರಿಕಿವಿ, ಬಿಳಿಮೂತಿ, ಕೆಂಚಿಯ ಇಬ್ಬರು ಹೆಣ್ಣುಮಕ್ಕಳು, ಕೊಂಬು ಮುರಿದುಕೊಂಡಿದ್ದ ಟಗರು. ಕೆಲವು ಹೆಸರಿಗೆ ತಡೆದು, ನೆನಪು ಮಾಡಿಕೊಂಡು, ಮುಂದೆ ಹೋದ. ಪಿಳ್ಳಮ್ಮ ಒಂದೊಂದಕ್ಕೂ ಹೂಂಗುಟ್ಟಿದರು. ಇಪ್ಪತ್ಮೂರೂ ಮುಗಿಯುವವರೆಗೆ ನಾನು ಕೂರಲಿಲ್ಲ.